ಆಭರಣ, ಉಡುಗೊರೆ ಮತ್ತು ಪಿಂಗಾಣಿ ವಸ್ತುಗಳು: ಹೆಸರು ಹಾಗೂ ಮೂಲವಸ್ತುವಿನ ಬಗ್ಗೆ ಗ್ರಾಹಕರಿಗೆ ಮಾಹಿತಿ

ಮದುವೆ, ಗೃಹಪ್ರವೇಶ, ನಾಮಕರಣ ಮುಂತಾದ ಸಂದರ್ಭಗಳಲ್ಲಿ ಕೊಳ್ಳುವ ಒಡವೆ ಹಾಗೂ ಉಡುಗೊರೆ ವಸ್ತುಗಳನ್ನು ಗ್ರಾಹಕರು ಬಹುಮಟ್ಟಿಗೆ ಹೆಸರನ್ನೂ ಹೊಳಪನ್ನೂ ನಂಬಿ ಖರೀದಿಸುತ್ತಾರೆ. ಅದರಲ್ಲಿರುವ ಲೋಹ ಯಾವುದು, ಎಷ್ಟು ಎಂಬುದು ಅನೇಕ ವೇಳೆ ತಿಳಿದುಬರುವುದು ವರ್ಷಗಳ ನಂತರ, ಸಾಲಕ್ಕಾಗಿ ಒಡವೆಯನ್ನು ಬ್ಯಾಂಕಿಗೆ ಕೊಂಡೊಯ್ದಾಗ. ಅಷ್ಟರಲ್ಲಿ ರಸೀದಿ ಕಳೆದುಹೋಗಿರುತ್ತದೆ. ದೂರು ಸಲ್ಲಿಸುವ ಕಾಲಮಿತಿಯೂ ಮೀರಿರಬಹುದು. ಆದುದರಿಂದ ಖರೀದಿಗೆ ಮುನ್ನವೇ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಚಿನ್ನದ ಆಭರಣಗಳು

ಅಪ್ಪಟ ಚಿನ್ನವು ಬಹಳ ಮೃದುವಾದ ಲೋಹ. ಅದರಿಂದ ಮಾಡಿದ ಬಳೆ ಸುಲಭವಾಗಿ ಬಾಗುತ್ತದೆ, ಕಲ್ಲು ಹಿಡಿದು ನಿಲ್ಲುವುದಿಲ್ಲ. ಈ ಕಾರಣದಿಂದ ತಾಮ್ರ, ಬೆಳ್ಳಿ ಮೊದಲಾದವನ್ನು ಬೆರೆಸಲಾಗುತ್ತದೆ. ಇದು ಮೋಸವಲ್ಲ, ಕಸುಬಿನ ಅಗತ್ಯ. ಬೆರಕೆ ಎಷ್ಟೆಂಬುದನ್ನು ಮರೆಮಾಚುವುದು ಮಾತ್ರ ಮೋಸ. 24 ಕ್ಯಾರೆಟ್ ಎಂದರೆ ಅಪ್ಪಟ ಎಂದಿಟ್ಟುಕೊಂಡರೆ, 22 ಕ್ಯಾರೆಟ್ ಒಡವೆಯ ಪ್ರತಿ ಸಾವಿರ ಭಾಗದಲ್ಲಿ 916 ಭಾಗ, 18 ಕ್ಯಾರೆಟ್‌ನಲ್ಲಿ 750 ಭಾಗ, 14 ಕ್ಯಾರೆಟ್‌ನಲ್ಲಿ 585 ಭಾಗ ಚಿನ್ನವಿರುತ್ತದೆ. 18 ಕ್ಯಾರೆಟ್‌ನ 10 ಗ್ರಾಂ ಸರವನ್ನು 22 ಕ್ಯಾರೆಟ್ ದರಕ್ಕೆ ಕೊಂಡವರು 1.66 ಗ್ರಾಂ ಚಿನ್ನದ ಬೆಲೆಯನ್ನು ಕಳೆದುಕೊಂಡಂತೆ. ಬಣ್ಣ ನೋಡಿ ಈ ವ್ಯತ್ಯಾಸವನ್ನು ಗುರುತಿಸುವುದು ಸಾಮಾನ್ಯರಿಗೆ ಸಾಧ್ಯವಿಲ್ಲ.

ಇದಕ್ಕಾಗಿಯೇ ಭಾರತೀಯ ಮಾನಕ ಬ್ಯೂರೋ ಚಿನ್ನದ ಹಾಲ್‌ಮಾರ್ಕ್ ಯೋಜನೆಯನ್ನು 2000ನೇ ಇಸವಿಯಲ್ಲಿ ಆರಂಭಿಸಿತು. 2021ರ ಜೂನ್ 23ರಿಂದ ಹಂತಹಂತವಾಗಿ ನಿಗದಿತ ಜಿಲ್ಲೆಗಳಲ್ಲಿ ಇದನ್ನು ಕಡ್ಡಾಯಗೊಳಿಸಲಾಗಿದೆ. ಪ್ರಸ್ತುತ ಹಾಲ್‌ಮಾರ್ಕ್‌ನಲ್ಲಿ ಮೂರು ಗುರುತುಗಳಿರುತ್ತವೆ: ಬ್ಯೂರೋದ ಚಿಹ್ನೆ, ಶುದ್ಧತೆಯ ಅಂಕಿ (ಉದಾಹರಣೆಗೆ 22ಕೆ916) ಹಾಗೂ ಅಕ್ಷರ ಮತ್ತು ಅಂಕಿಗಳುಳ್ಳ ಆರು ಸ್ಥಾನಗಳ ವಿಶಿಷ್ಟ ಸಂಖ್ಯೆ. ಕಡ್ಡಾಯ ವ್ಯಾಪ್ತಿಗೆ ಒಳಪಟ್ಟ ಆಭರಣಗಳನ್ನು ಈ ಸಂಖ್ಯೆಯಿಲ್ಲದೆ ಮಾರಾಟ ಮಾಡುವುದನ್ನು 2023ರ ಏಪ್ರಿಲ್ 1ರಿಂದ ನಿಷೇಧಿಸಲಾಗಿದೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗಳಿಗೆ ವಿನಾಯಿತಿ ಇದೆ.

ಗುರುತು ಇದೆಯೆಂಬುದಷ್ಟೇ ಸಾಲದು. ಅಂಗಡಿಯಲ್ಲಿ ಭೂತಗನ್ನಡಿ ಕೇಳಿ ಪಡೆದು ಸಂಖ್ಯೆಯನ್ನು ಓದಿಕೊಂಡು, ಬ್ಯೂರೋದ ‘ಬಿ.ಐ.ಎಸ್. ಕೇರ್’ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಬೇಕು. ಒಡವೆ ಯಾವ ಬಗೆಯದು, ಅದರ ಶುದ್ಧತೆ ಎಷ್ಟು, ಪರೀಕ್ಷಿಸಿದ ಕೇಂದ್ರ ಯಾವುದು ಎಂಬ ವಿವರ ದೊರೆಯುತ್ತದೆ. ಕೈಯಲ್ಲಿರುವುದು ಬಳೆಯಾಗಿದ್ದು ವಿವರದಲ್ಲಿ ಉಂಗುರವೆಂದಿದ್ದರೆ ಆ ಖರೀದಿಯನ್ನು ಅಲ್ಲಿಯೇ ನಿಲ್ಲಿಸುವುದು ಸೂಕ್ತ.

ಹಾಲ್‌ಮಾರ್ಕ್ ಶುದ್ಧತೆಯನ್ನು ಮಾತ್ರ ದೃಢೀಕರಿಸುತ್ತದೆ. ಹರಳುಗಳ ಬೆಲೆಯನ್ನಾಗಲಿ, ಗುಣವನ್ನಾಗಲಿ ಅಲ್ಲ. ಅರಗು ತುಂಬಿದ ಅಥವಾ ಹರಳು ಕೂರಿಸಿದ ಒಡವೆಗಳಲ್ಲಿ ಚಿನ್ನದ ನಿವ್ವಳ ತೂಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳತಕ್ಕದ್ದು. ಇಲ್ಲವಾದಲ್ಲಿ ಅರಗಿಗೂ ಗಾಜಿಗೂ ಚಿನ್ನದ ದರ ತೆರಬೇಕಾಗುತ್ತದೆ.

ಮನೆಯಲ್ಲಿರುವ ಹಳೆಯ ಒಡವೆಗಳ ಬಗ್ಗೆ ಆತಂಕ ಬೇಡ. ಕಡ್ಡಾಯ ನಿಯಮವು ಮಾರಾಟಗಾರರಿಗೆ ಅನ್ವಯಿಸುತ್ತದೆಯೇ ಹೊರತು ಕುಟುಂಬಗಳಿಗಲ್ಲ. ತಾಯಿ, ಅಜ್ಜಿಯರಿಂದ ಬಂದ ಗುರುತಿಲ್ಲದ ಒಡವೆಗಳನ್ನು ಇಟ್ಟುಕೊಳ್ಳಬಹುದು, ವ್ಯಾಪಾರಿಗೆ ಮಾರಲೂಬಹುದು. ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ನಿಗದಿತ ಶುಲ್ಕ ನೀಡಿ ಶುದ್ಧತೆಯ ವರದಿ ಪಡೆಯಲು ಅವಕಾಶವಿದೆ. ಮಾರುವ ಮುನ್ನ ಪಡೆದರೆ ಚೌಕಾಶಿಗೆ ಆಧಾರ ದೊರೆಯುತ್ತದೆ.

ದಾರಿ ತಪ್ಪಿಸುವ ಹೆಸರುಗಳು

‘ಕೆ.ಡಿ.ಎಂ. ಚಿನ್ನ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಇದು ಶುದ್ಧತೆಯ ಪ್ರಮಾಣವಲ್ಲ. ಬೆಸುಗೆಗೆ ಕ್ಯಾಡ್ಮಿಯಂ ಬಳಸಿದ ಒಡವೆಗೆ ಬಂದ ಹೆಸರು. ಬೆಸುಗೆಯ ಶಾಖದಲ್ಲಿ ಕ್ಯಾಡ್ಮಿಯಂ ಬಹುಪಾಲು ಆವಿಯಾಗುವುದರಿಂದ ಚಿನ್ನದ ಅಂಶ ಕಡಿಮೆಯಾಗುವುದಿಲ್ಲವೆಂಬುದು ನಿಜ. ಆದರೆ ಆ ಹೊಗೆಯನ್ನು ಉಸಿರಾಡುವ ಅಕ್ಕಸಾಲಿಗರ ಶ್ವಾಸಕೋಶ ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ‘ಒಂದು ಗ್ರಾಂ ಚಿನ್ನ’ವೆಂದು ಮಾರಾಟವಾಗುವುದು ಸಾಮಾನ್ಯವಾಗಿ ತಾಮ್ರ ಅಥವಾ ಹಿತ್ತಾಳೆಯ ಮೇಲೆ ಚಿನ್ನದ ತೆಳುಲೇಪನವಿರುವ ಒಡವೆ. ಅದನ್ನು ಅಲಂಕಾರಕ್ಕೆ ಕೊಳ್ಳಬಹುದೇ ಹೊರತು ಆಪತ್ಕಾಲದ ಆಸ್ತಿಯೆಂದು ಭಾವಿಸಲಾಗದು.

ಅರಿಶಿನ ಕುಂಕುಮದ ಬಟ್ಟಲು, ತಟ್ಟೆಗಳ ರೂಪದಲ್ಲಿ ಉಡುಗೊರೆಯಾಗಿ ಹಂಚಲಾಗುವ ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ಸತು ಮತ್ತು ನಿಕ್ಕಲ್‌ಗಳ ಮಿಶ್ರಲೋಹ. ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗದು. ಅಗ್ಗದ ಓಲೆ ಧರಿಸಿದಾಗ ಕಿವಿಯಲ್ಲಿ ತುರಿಕೆ ಉಂಟಾಗಲು ಅನೇಕ ವೇಳೆ ಇದೇ ಕಾರಣ. ಬೆಳ್ಳಿಯ ಒಡವೆಯ ಮೇಲೆ 925 ಎಂದಿದ್ದರೆ ಶೇ. 92.5ರಷ್ಟು ಬೆಳ್ಳಿ ಎಂದರ್ಥ. ಆದರೆ ಬ್ಯೂರೋದ ಚಿಹ್ನೆಯಿಲ್ಲದ ಬರಿಯ ಅಂಕಿಯು ಮಾರಾಟಗಾರನ ಮಾತಷ್ಟೆ.

ಬಿದರಿ ವಸ್ತುಗಳು

ಬೀದರಿನ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದೆ. ಹೂದಾನಿ ಪೂರ್ತಿ ಬೆಳ್ಳಿಯದೆಂದು ಕೆಲವರು ತಿಳಿಯುವುದುಂಟು. ಅದರ ಒಡಲು ಬಹುಪಾಲು ಸತು, ಸ್ವಲ್ಪ ತಾಮ್ರ. ಬೆಳ್ಳಿಯಿರುವುದು ಕೆತ್ತಿದ ಗೆರೆಗಳಲ್ಲಿ ಕೂರಿಸಿದ ತಂತಿ ಹಾಗೂ ತಗಡಿನಲ್ಲಿ ಮಾತ್ರ. ಕಪ್ಪು ಬಣ್ಣವು ಲೇಪಿಸಿದ ಬಣ್ಣವಲ್ಲ. ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿದ ದ್ರಾವಣದಿಂದ ಒಡಲು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಆದುದರಿಂದ ಇದರ ಬೆಲೆಯನ್ನು ತೂಕಕ್ಕೆ ಬೆಳ್ಳಿಯ ದರದಿಂದ ಲೆಕ್ಕ ಹಾಕುವುದು ತಪ್ಪು. ಇಲ್ಲಿ ಬೆಲೆ ಬರುವುದು ಕೈಕೆಲಸಕ್ಕೆ. ಹುಣಸೆಹಣ್ಣಿನಿಂದ ಉಜ್ಜಿ ತೊಳೆದರೆ ಕಪ್ಪು ಮಾಸುತ್ತದೆ. ಮೆತ್ತನೆಯ ಬಟ್ಟೆಗೆ ತುಸು ಎಣ್ಣೆ ಹಚ್ಚಿ ಒರೆಸಿದರೆ ಸಾಕು.

ಪಿಂಗಾಣಿ ಮತ್ತು ಮಣ್ಣಿನ ವಸ್ತುಗಳು

‘ಬೋನ್ ಚೈನಾ’ ತಟ್ಟೆ, ಬಟ್ಟಲುಗಳಲ್ಲಿ ಜಾನುವಾರು ಮೂಳೆಯ ಬೂದಿ ಸೇರಿರುತ್ತದೆ. ಇದನ್ನು ಬಯಸದ ಕುಟುಂಬಗಳು ಸಾದಾ ಪಿಂಗಾಣಿಯನ್ನು ಕೇಳಿ ಪಡೆಯಬೇಕು. ಕೆಲವು ಅಲಂಕಾರಿಕ ಪಾತ್ರೆಗಳ ಹೊಳಪು ಲೇಪನದಲ್ಲಿ ಸೀಸವಿರಬಹುದು. ಹುಳಿ ಪದಾರ್ಥ ತಾಗಿದಾಗ ಅದು ಆಹಾರಕ್ಕೆ ಇಳಿಯುತ್ತದೆ. ಮಕ್ಕಳ ಆರೋಗ್ಯಕ್ಕೆ ವಿಶೇಷವಾಗಿ ಅಪಾಯಕಾರಿ. ಆಹಾರಕ್ಕೆ ಯೋಗ್ಯವೆಂಬ ನಮೂದು ಇಲ್ಲದ ಪಾತ್ರೆಯಲ್ಲಿ ಉಪ್ಪಿನಕಾಯಿ, ಮೊಸರು, ಹುಳಿಸಾರು ಇಡಬಾರದು.

ದೂರು ಸಲ್ಲಿಸುವ ವಿಧಾನ

ಹಾಲ್‌ಮಾರ್ಕ್ ಇರುವ ಒಡವೆಯ ಶುದ್ಧತೆಯು ನಮೂದಿಸಿದ್ದಕ್ಕಿಂತ ಕಡಿಮೆ ಕಂಡುಬಂದಲ್ಲಿ, ಬ್ಯೂರೋದ 2018ರ ನಿಯಮಗಳಂತೆ, ಕೊರತೆಗೆ ತಗಲುವ ಮೊತ್ತದ ಎರಡರಷ್ಟು ಪರಿಹಾರ ಹಾಗೂ ಪರೀಕ್ಷಾ ಶುಲ್ಕ ಪಡೆಯಲು ಗ್ರಾಹಕರು ಅರ್ಹರು. ಇತರ ವಸ್ತುಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ವಸ್ತುವಿಗೆ ತೆತ್ತ ಬೆಲೆ ರೂ. 5 ಲಕ್ಷದವರೆಗೆ ಇದ್ದಲ್ಲಿ ಆಯೋಗದಲ್ಲಿ ಶುಲ್ಕವಿಲ್ಲ. ದೂರಿಗೆ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯೊಡನೆ ಬಿಲ್ಲಿನ ಪ್ರತಿ, ಒಡವೆಯ ಗುರುತು ಕಾಣುವಂತೆ ತೆಗೆದ ಛಾಯಾಚಿತ್ರ ಮತ್ತು ಪರೀಕ್ಷಾ ವರದಿಯನ್ನು ಲಗತ್ತಿಸಬೇಕು. ಬಿಲ್ಲಿನ ಮುದ್ರಣ ಕಾಲಕ್ರಮೇಣ ಅಳಿಸಿಹೋಗುವುದರಿಂದ ಖರೀದಿಸಿದ ದಿನವೇ ಅದರ ನೆರಳಚ್ಚು ಪ್ರತಿ ತೆಗೆದಿಡುವುದು ಒಳಿತು.