ಮಾತು ಇರಲಿ, ದನಿ ಬೇಡ

ಐರ್ಲೆಂಡಿನ ಸಾರ್ವಜನಿಕ ಬಾನುಲಿ ಆರ್‌ಟಿಇಯಲ್ಲಿ ಕೆವಿನ್ ಓಕೆಲ್ಲಿ ಎಂಬ ಹಿರಿಯ ಪತ್ರಕರ್ತರಿದ್ದರು. 1972ರ ನವೆಂಬರಿನಲ್ಲಿ ಅವರು ಐಆರ್‌ಎ ಎಂಬ ಸಶಸ್ತ್ರ ಸಂಘಟನೆಯ ಮುಖಂಡ ಶಾನ್ ಮ್ಯಾಕ್ ಸ್ಟೀಫಾನ್ ಅವರನ್ನು ಸಂದರ್ಶಿಸಿದರು. ಇಂಥ ಸಂಘಟನೆಗಳಿಗೆ ನೆರವಾಗುವಂಥದ್ದೇನೂ ಪ್ರಸಾರವಾಗಕೂಡದೆಂದು ಸರ್ಕಾರ ಹಿಂದಿನ ವರ್ಷವಷ್ಟೇ ಆದೇಶ ಹೊರಡಿಸಿತ್ತು. ಹಾಗಾಗಿ ಓಕೆಲ್ಲಿ ಟೇಪು ಕೇಳಿಸಲಿಲ್ಲ. ಅದರಲ್ಲಿದ್ದದ್ದನ್ನು ತಮ್ಮದೇ ದನಿಯಲ್ಲಿ ವರದಿ ಮಾಡಿದರು. ಆದರೂ ಸರ್ಕಾರ ಆರ್‌ಟಿಇಯ ಆಡಳಿತ ಮಂಡಳಿಯನ್ನೇ ವಜಾ ಮಾಡಿತು. ಟೇಪಿನ ದನಿ ಯಾರದೆಂದು ನ್ಯಾಯಾಲಯ ಕೇಳಿದಾಗ ಓಕೆಲ್ಲಿ ಬಾಯಿ ಬಿಡಲಿಲ್ಲ. ನ್ಯಾಯಾಂಗ ನಿಂದನೆಗಾಗಿ ಮೂರು ತಿಂಗಳ ಸೆರೆ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ದಂಡಕ್ಕೆ ಇಳಿಯಿತು.

ಆಮೇಲೆ ಬಾನುಲಿಯವರ ಎಚ್ಚರಿಕೆ ಭಯವಾಗಿ ಬೆಳೆಯಿತು. 1976ರಲ್ಲಿ ಕಾನೂನು ತಿದ್ದಿದ ಮೇಲೆ, ಐಆರ್‌ಎ ಜೊತೆ ನಂಟಿದ್ದ ಶಿನ್ ಫೇನ್ ಪಕ್ಷದ ವಕ್ತಾರರಿಗೂ ಬಾನುಲಿಯ ಬಾಗಿಲು ಮುಚ್ಚಿತು. ಅದು ಚುನಾವಣೆಗೆ ನಿಲ್ಲುತ್ತಿದ್ದ, ನಿಷೇಧವಿಲ್ಲದ ಪಕ್ಷ. 1990ರಲ್ಲಿ ಡಬ್ಲಿನ್ನಿನ ಬೇಕರಿ ಕಾರ್ಖಾನೆಯೊಂದರಲ್ಲಿ ಮುಷ್ಕರ ನಡೆಯಿತು. ಕಾರ್ಮಿಕರ ವಕ್ತಾರ ಲ್ಯಾರಿ ಓಟೂಲ್ ಮಾತಾಡಬೇಕಿದ್ದದ್ದು ಕೆಲಸದ ಬಗ್ಗೆ. ಆದರೆ ಅವರು ಶಿನ್ ಫೇನ್ ಸದಸ್ಯರೆಂದು ತಿಳಿದದ್ದೇ ತಡ, ಆರ್‌ಟಿಇ ಅವರನ್ನು ಕೈಬಿಟ್ಟಿತು. ಕಾನೂನು ಕೇಳಿದ್ದಕ್ಕಿಂತ ಹೆಚ್ಚಾಗಿ ಬಾನುಲಿ ತನ್ನ ಕೈ ತಾನೇ ಕಟ್ಟಿಕೊಂಡಿತ್ತು. 1993ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ತಪ್ಪೆಂದಿತು.

ಬ್ರಿಟನ್ನಿನ ಆಳ್ವಿಕೆಯ ಉತ್ತರ ಐರ್ಲೆಂಡಿನಲ್ಲಿ 1988ರ ಆಗಸ್ಟಿನಲ್ಲಿ ಬಸ್ಸಿಗೆ ಬಾಂಬಿಟ್ಟು ಎಂಟು ಸೈನಿಕರನ್ನು ಐಆರ್‌ಎ ಕೊಂದಿತು. ಅಕ್ಟೋಬರ್ 19ರಂದು ಬ್ರಿಟನ್ನಿನ ಗೃಹಮಂತ್ರಿ ಡಗ್ಲಸ್ ಹರ್ಡ್, ಶಿನ್ ಫೇನ್ ಸೇರಿ ಹನ್ನೊಂದು ಸಂಘಟನೆಗಳ ಪ್ರತಿನಿಧಿಗಳ ದನಿ ಪ್ರಸಾರವಾಗಬಾರದೆಂದರು. ಮಾತನ್ನು ವರದಿ ಮಾಡಬಹುದು, ದನಿ ಮಾತ್ರ ಕೂಡದು. ಈ ಸಂದಿನಲ್ಲಿ ನಟರು ಬಂದರು. ಶಿನ್ ಫೇನ್ ಮುಖಂಡ ಜೆರಿ ಆಡಮ್ಸ್ ಆಡಿದ ಮಾತನ್ನು ಸ್ಟೀಫನ್ ರೇ ಅವರಂಥ ನಟರು ಸ್ಟುಡಿಯೋದಲ್ಲಿ ಓದಿಕೊಡುತ್ತಿದ್ದರು. ಆಡಮ್ಸ್ ಆಗ ಪಶ್ಚಿಮ ಬೆಲ್‌ಫಾಸ್ಟಿನ ಜನ ಆರಿಸಿದ ಸಂಸದ. ಕ್ಷೇತ್ರದ ಕೆಲಸದ ಬಗ್ಗೆ ಸಂಸದರಾಗಿ ಮಾತಾಡಿದರೆ ಸ್ವಂತ ದನಿ. ಪಕ್ಷದ ಪರವಾಗಿ ಮಾತಾಡಿದರೆ ನಟನ ದನಿ.

ಸತ್ತವರ ಮನೆಯವರಿಗೆ ಇಂಥ ಮುಖಂಡರ ದನಿ ಕೇಳಿದರೆ ಕರುಳು ಕಿವುಚುತ್ತಿತ್ತೆಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಕೇಳುಗನಾಗಿ ನನ್ನ ತಕರಾರು ಬೇರೆ. ರೇಡಿಯೋದಲ್ಲಿ ಮುಖ ಕಾಣುವುದಿಲ್ಲ. ಸುಳ್ಳು ಹೇಳುವವನನ್ನು ಹಿಡಿಯಲು ನಮಗಿರುವುದು ದನಿಯೊಂದೇ. ‘ಆ ಬಾಂಬನ್ನು ನೀವು ಖಂಡಿಸುತ್ತೀರಾ?’ ಎಂದು ಕೇಳಿದಾಗ ಉತ್ತರಕ್ಕೆ ಮೊದಲು ಬರುವ ಆ ಅರೆಕ್ಷಣದ ಮೌನ, ಒಣಗುವ ಗಂಟಲು, ಪ್ರಶ್ನೆ ಮುಗಿಯುವ ಮೊದಲೇ ಬೇರೆ ವಿಷಯಕ್ಕೆ ಜಾರುವ ಅವಸರ: ಇದೆಲ್ಲ ನಟನ ಓದಿನಲ್ಲಿ ಅಳಿಸಿಹೋಗುತ್ತದೆ. ಪಳಗಿದ ಕಂಠವೊಂದು ತಡವರಿಸದೆ ಉತ್ತರಿಸುತ್ತದೆ. ಪ್ರಚಾರವೆಂಬ ಪ್ರಾಣವಾಯುವನ್ನು ಭಯೋತ್ಪಾದಕರಿಗೆ ನಿಲ್ಲಿಸಬೇಕೆಂದು ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1985ರಲ್ಲೇ ಹೇಳಿದ್ದರು. ನಿಜಕ್ಕೂ ನಿಂತುಹೋದದ್ದು ಪಾಟೀಸವಾಲು.

ಒಳ್ಳೆಯ ಸಂದರ್ಶಕ ಇಂಥವರ ಎದುರು ಕೂರುವ ಮೊದಲು ಅವರ ಹಳೆಯ ಹೇಳಿಕೆಗಳನ್ನು ತಾರೀಖು ಸಮೇತ ಓದಿಕೊಂಡಿರಬೇಕು. ಕೂಗಾಡಬೇಕಿಲ್ಲ. ಉತ್ತರ ಜಾರಿದರೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳುವ ತಾಳ್ಮೆ ಸಾಕು. ಅದು ಕೇಳಿ ಕೇಳಿಯೇ ಕೈಗೂಡುವ ವಿದ್ಯೆ. ಐರ್ಲೆಂಡಿನ ಆದೇಶ 1994ರ ಜನವರಿಯಲ್ಲಿ ತೀರಿತು. ಬ್ರಿಟನ್ನಿನದು, ಐಆರ್‌ಎ ಕದನವಿರಾಮ ಸಾರಿದ ಮೇಲೆ, ಅದೇ ವರ್ಷದ ಸೆಪ್ಟೆಂಬರ್ 16ರಂದು. ಅಷ್ಟರಲ್ಲಿ ಡಬ್ಲಿನ್ನಿನ ಬಾನುಲಿಯಲ್ಲಿ ಒಂದು ತಲೆಮಾರಿನ ಪತ್ರಕರ್ತರು, ತಮ್ಮ ದೇಶವನ್ನು ಸುಡುತ್ತಿದ್ದ ವಿಷಯದಲ್ಲಿ ಕೇಳಲೇಬೇಕಾದವರನ್ನು ಕೇಳುವ ಅವಕಾಶವೇ ಇಲ್ಲದೆ ದುಡಿದಿದ್ದರು.