ತಾಮ್ರಪಟ ಓದಿದ ಪ್ರಾಧ್ಯಾಪಕರು

ಕಲ್ಪೆಟ್ಟದಿಂದ ಮಾನಂತವಾಡಿ ದಾಟಿ ಕಾಡುಹಾದಿ ಹಿಡಿದರೆ ತಿರುನೆಲ್ಲಿ ದೇವಸ್ಥಾನ. ಅಲ್ಲಿನ ತಾಮ್ರಶಾಸನಗಳಲ್ಲಿ ಚೇರ ಅರಸ ಭಾಸ್ಕರ ರವಿಯ ಹೆಸರಿದೆ. ಅದೇ ಅರಸ ಸುಮಾರು ಕ್ರಿ.ಶ. 1000ದಲ್ಲಿ ಯೆಹೂದ್ಯ ಮುಖಂಡ ಜೋಸೆಫ್ ರಬ್ಬಾನನಿಗೂ ಹಕ್ಕುಪತ್ರ ಕೊಟ್ಟ. ಈ ಪೆರುಮಾಳರ ಚರಿತ್ರೆಯನ್ನು ದಂತಕಥೆಗಳಿಂದ ಬಿಡಿಸಿ, ಶಾಸನಗಳ ಮೇಲೆ ನಿಲ್ಲಿಸಲು ದುಡಿದವರಲ್ಲಿ ಎಂ.ಜಿ.ಎಸ್. ನಾರಾಯಣನ್ ಪ್ರಮುಖರು.

1932ರಲ್ಲಿ ಪರಪ್ಪನಂಗಾಡಿಯಲ್ಲಿ ಹುಟ್ಟಿದ ಅವರು ಕಲ್ಲಿಕೋಟೆ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ವಿಭಾಗದ ಮುಖ್ಯಸ್ಥರಾಗಿದ್ದರು. ಪೆರುಮಾಳರ ಬಗೆಗಿನ ಪಿಎಚ್.ಡಿ. ಪ್ರಬಂಧ 1973ರದು, ಅದು ಪುಸ್ತಕವಾದದ್ದು 1996ರಲ್ಲಿ. ಇಪ್ಪತ್ತಮೂರು ವರ್ಷ! ಅಷ್ಟರೊಳಗೆ ವಿದ್ಯಾರ್ಥಿಗಳು ಬೆರಳಚ್ಚು ಪ್ರತಿಯನ್ನೇ ಓದುತ್ತಿದ್ದರು.

ನಮಗೆ ಹೆಚ್ಚು ಹತ್ತಿರವಾದದ್ದು 1972ರ ಅವರ ಪುಸ್ತಕ. ಕೊಲ್ಲಂನ ತರಿಸಾಪಳ್ಳಿಗೆ ಕ್ರಿ.ಶ. 849ರಲ್ಲಿ ಸಿಕ್ಕಿದ ತಾಮ್ರಪಟದ ಚರ್ಚೆ ಅದರಲ್ಲಿದೆ. ಅರಬ್ಬೀ, ಪಹ್ಲವಿ, ಹೀಬ್ರೂ ಲಿಪಿಗಳ ಸಾಕ್ಷಿಸಹಿಗಳೆಂದರೆ ನಮಗೆ ಹೆಮ್ಮೆಯೇ. ಆದರೆ ಅದೇ ಪಟದಲ್ಲಿ ಈಳವ, ಮಡಿವಾಳ, ಬಡಗಿ, ಒಕ್ಕಲಿಗ ಕುಟುಂಬಗಳನ್ನು ಆ ಚರ್ಚಿಗೆ ಒಪ್ಪಿಸಿದ್ದೂ ಬರೆದಿದೆ. ದಾನಪತ್ರದ ಹೊಗಳಿಕೆಯ ಭಾಗವನ್ನಷ್ಟೇ ಬೋಧನೆಯಲ್ಲಿ ಎತ್ತಿಕೊಳ್ಳುವುದು ನಮ್ಮ ಹಳೆಯ ಚಾಳಿ. ಆ ಕುಟುಂಬಗಳನ್ನು ಯಾರು ಕೇಳಿದ್ದರು?

ಪೆರುಮಾಳ ಎಷ್ಟು ಬಲಿಷ್ಠ ಅರಸನಾಗಿದ್ದ ಎಂಬ ತಮ್ಮದೇ ಅಭಿಪ್ರಾಯವನ್ನು ಎಂ.ಜಿ.ಎಸ್. ಮುಂದೆ ತಿದ್ದಿಕೊಂಡರು. ಆತನದು ಬಹುಮಟ್ಟಿಗೆ ವಿಧಿಪೂರ್ವಕ ದೊರೆತನ, ನಿಜವಾದ ಅಧಿಕಾರ ಬ್ರಾಹ್ಮಣ ಪ್ರಮುಖರದು ಎಂದು ಬರೆದರು. ಅವರು 2025ರ ಏಪ್ರಿಲ್ 26ರಂದು ಕಲ್ಲಿಕೋಟೆಯಲ್ಲಿ ತೀರಿಕೊಂಡರು.