ಬೆಟ್ಟದ ಗಾಳಿಯೂ ಎಂಜಿನ್ನಿನ ಬಲವೂ

ಸಮುದ್ರಮಟ್ಟಕ್ಕೆ ಸಮೀಪದ ನಮ್ಮ ಉಲ್ಹಾಸನಗರದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲಕ್ಕೆ ಹೋದ ಮೋಟಾರು ಅಲ್ಲಿ ಬಲಗುಂದುವುದೇಕೆ? ವಿದ್ಯಾರ್ಥಿಗಳೇ, ನಾವು ಇದನ್ನು ತುಸು ವಿಚಾರಿಸೋಣ.

ಸಿಲಿಂಡರಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಗಾಳಿ ಒಳಸೇರುತ್ತದೆ. ಮೇಲೇರಿದಾಗ ಅದು ಅದುಮಲ್ಪಡುತ್ತದೆ. ಒಂಬತ್ತು ಪಾಲು ಸ್ಥಳದಲ್ಲಿದ್ದ ಗಾಳಿಯನ್ನು ಒಂದು ಪಾಲಿಗೆ ಇಳಿಸಿದರೆ ಸಂಪೀಡನದ ಪ್ರಮಾಣ 9ಕ್ಕೆ 1. ಇದು ಲೋಹದ ಅಳತೆ, ಬೆಟ್ಟವೇರಿದರೂ ಬದಲಾಗದು. ಆದರೆ ಉದಕಮಂಡಲದಲ್ಲಿ ವಾಯುವಿನ ಒತ್ತಡವು ಕಡಲತೀರದ ಮುಕ್ಕಾಲಿನಷ್ಟು ಮಾತ್ರ. ಆದುದರಿಂದ ಇಲ್ಲಿ ಮಾಪಕದಲ್ಲಿ ಚದರ ಸೆಂಟಿಮೀಟರಿಗೆ 12 ಕಿಲೋಗ್ರಾಂ ತೋರುವ ಎಂಜಿನ್ ಅಲ್ಲಿ ಸುಮಾರು 9 ತೋರೀತು. ಒಳಸೇರುವ ಆಮ್ಲಜನಕವೂ ಕಡಿಮೆಯಾಗಿ, ಉರಿಯುವ ಇಂಧನವೂ ಕಡಿಮೆಯಾಗಿ, ಶಕ್ತಿ ಕುಗ್ಗುತ್ತದೆ. ಟರ್ಬೋಚಾರ್ಜರ್ ಗಾಳಿಯನ್ನು ಒತ್ತಿ ತುಂಬುವುದರಿಂದ, ಅದುಳ್ಳ ಎಂಜಿನ್ನಿನಲ್ಲಿ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ವಾಹನ ನಡೆಸಿ ಸಂಸಾರ ಸಾಗಿಸುವ ತಂದೆಯರು ನಮ್ಮಲ್ಲಿದ್ದಾರೆ. ಬೆಟ್ಟದ ಮೇಲೆ ಮಾಪಕವನ್ನಷ್ಟೇ ನೋಡಿ, ರಿಂಗುಗಳು ಸವೆದಿವೆಯೆಂದು ಎಂಜಿನ್ ಬಿಚ್ಚಿಸಿದರೆ ತಿಂಗಳ ಗಳಿಕೆಯೇ ಕೈಬಿಟ್ಟೀತು. ಎಲ್ಲ ಸಿಲಿಂಡರುಗಳ ಒತ್ತಡವೂ ಸಮನಾಗಿ ಇಳಿದಿದ್ದರೆ ಮೊದಲು ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದರಲ್ಲಿ ಮಾತ್ರ ಇಳಿದಿದ್ದರೆ ಅಲ್ಲಿ ದೋಷವನ್ನು ಅರಸಬೇಕು. ಗಾಳಿಯ ಕೊರತೆಗೆ ಯಂತ್ರವನ್ನು ದೂರದಿರೋಣ.